ಕುಂದಾಪುರದ ನೀರಿನ ನಕ್ಷೆ: ಎರಡನೇ ಹಾಳೆ

ಕುಂದಾಪುರದ ಸುತ್ತಲಿನ ನೀರಿಗೆಲ್ಲ ಒಂದು ನಕ್ಷೆ ಬರೆಯುತ್ತಿದ್ದೇನೆ, ಪೂರ್ತಿ ಕೈಯಲ್ಲೇ. ಎರಡನೇ ಹಾಳೆ ಈಗ ಅರ್ಧಕ್ಕಿಂತ ಜಾಸ್ತಿ ಮುಗಿದಿದೆ. ಮೊದಲ ಹಾಳೆಯಲ್ಲಿ ಹೊಳೆಗಳನ್ನಷ್ಟೇ ಹಾಕಿದ್ದೆ: ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ. ಐದೂ ಸೇರಿ ಪಂಚಗಂಗಾವಳಿಯಾಗಿ ಗಂಗೊಳ್ಳಿಗೂ ಕೋಡಿಗೂ ನಡುವಿನ ಅಳಿವೆಯಲ್ಲಿ ಕಡಲು ಸೇರುತ್ತವೆ. ಈ ಹಾಳೆಯಲ್ಲಿ ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೋಡಿಯ ಮರಳು, ಕೋಟೇಶ್ವರದ ಕೆರೆ ಬರಬೇಕು.

ದಡದ ಗೆರೆ ಎಲ್ಲಿ ಎಳೆಯುವುದು? ಅದೇ ಇಲ್ಲಿ ದೊಡ್ಡ ಪ್ರಶ್ನೆ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗದಲ್ಲಿ ಮಧ್ಯಾಹ್ನ ಬರೀ ಕೆಸರು, ಅದರ ಮೇಲೆ ಸಾಲಾಗಿ ಬೆಳ್ಳಕ್ಕಿಗಳು. ಹೊಳೆ ನಡುವಿನ ಕುದ್ರುವಿನ (ನಡುಗಡ್ಡೆಯ) ಹತ್ತಿರ ಹೋಗೋಣ ಎಂದು ಕೇಳಿದರೆ ದೋಣಿಯವರು, "ಈಗ ಹೋಪುಕ್ ಆತಿಲ್ಲೆ ಮಾರಾಯ್ರೆ, ಭರ್ತ ಬರ್ಲಿ" ಎಂದರು. ಭರ್ತ ಎಂದರೆ ಭರತ, ನೀರು ಏರುವ ಹೊತ್ತು. ಅಚ್ಚಾದ ನಕ್ಷೆಗಳಲ್ಲಿ ಹೊಳೆಗೆ ಒಂದೇ ಅಂಚು. ನಿಜವಾದ ಹೊಳೆಗೆ ದಿನಕ್ಕೆ ಎರಡು ಭರತ, ಎರಡು ಇಳಿತ. ಸಮಯವೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಾ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತೀರಾ ಮೇಲೂ ಬರುತ್ತದೆ, ತೀರಾ ಕೆಳಗೂ ಇಳಿಯುತ್ತದೆ.

ಹಾಗಾಗಿ ಕೆಳಗಿನ ದಪ್ಪ ಹಾಳೆಯಲ್ಲಿ ಇಳಿತದ ಹೊಳೆ, ಮೇಲೆ ಟ್ರೇಸಿಂಗ್ ಪೇಪರಿನಲ್ಲಿ ಭರತದ ಹೊಳೆ. ಹಾಳೆ ಎತ್ತಿ ಇಳಿಸಿದರೆ ಎರಡೂ ಕಾಣುತ್ತವೆ. ಹುಣ್ಣಿಮೆಯ ಆಚೀಚೆ ಒಂದೇ ದಾರಿಯಲ್ಲಿ ಎರಡೂ ಹೊತ್ತಿನಲ್ಲಿ ನಡೆದು, ನೀರಿನ ಅಂಚನ್ನು ಫೋನಿನಲ್ಲಿ ಗುರುತು ಹಾಕಿಕೊಂಡು ಬಂದು ಗೆರೆ ಎಳೆದೆ. ಎರಡು ಗೆರೆಗಳ ನಡುವಿನ ಜಾಗ ನೋಡಿದಾಗ ಖುಷಿಯಾಯಿತು. ಏಡಿ, ಕಪ್ಪೆಚಿಪ್ಪು, ಹಕ್ಕಿಗಳು, ಕಾಂಡ್ಲಾ, ಎಲ್ಲ ಇರುವುದು ಅಲ್ಲೇ. ಅಚ್ಚಾದ ನಕ್ಷೆಯಲ್ಲಿ ಆ ಜಾಗವೇ ಇಲ್ಲ!

ಕಾಂಡ್ಲಾಕ್ಕೆ ಜಾಸ್ತಿ ಹೊತ್ತು ಕೊಟ್ಟೆ. ಅದರ ಬೀಜ ಮರದಲ್ಲಿರುವಾಗಲೇ ಮೊಳೆತು, ಉದ್ದನೆಯ ಹಸಿರು ಕೋಲಾಗಿ ನೇತಾಡುತ್ತದೆ. ಇಳಿತದಲ್ಲಿ ಬಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳಬಹುದು, ಭರತದಲ್ಲಿ ಬಿದ್ದರೆ ತೇಲಿ ಇನ್ನೆಲ್ಲೋ ಬೇರು ಬಿಡುತ್ತದೆ. ಬೇರುಗಳ ಸಂದಿ ಮರಿ ಮೀನು, ಸಿಗಡಿ ಬೆಳೆಯುವ ಜಾಗ. ಗಂಗೊಳ್ಳಿ ಬಂದರಿನ ಮೀನಿನ ಬುಟ್ಟಿಗೂ ಈ ಕೆಸರಿಗೂ ನೇರ ಸಂಬಂಧ ಇದೆ. ನಕ್ಷೆಯಲ್ಲಿ ಅದನ್ನು ಹಸಿರು ಚುಕ್ಕಿಗಳಲ್ಲಿ ತೋರಿಸಿದ್ದೇನೆ.

ಕೋಡಿಯ ಮರಳನ್ನು ಬೇಗ ಮುಗಿಸಿದೆ. ದೀಪಸ್ತಂಭ, ಕಲ್ಲಿನ ತಡೆಗೋಡೆ, ಎದುರಿಗೆ ಗಂಗೊಳ್ಳಿ. ಇಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮೊಟ್ಟೆ ಸಿಕ್ಕ ಜಾಗಕ್ಕೆ ಬಲೆ ಸುತ್ತಿ ಕಾಯುತ್ತಾರೆ. ಅಂಥ ಜಾಗಗಳನ್ನು ಮಾತ್ರ ನಾನು ನಕ್ಷೆಯಲ್ಲಿ ತೋರಿಸುವುದಿಲ್ಲ, ಬೇಕೆಂದೇ ಖಾಲಿ ಬಿಟ್ಟಿದ್ದೇನೆ.

ಬಣ್ಣ ತುಂಬುವ ಕೆಲಸ ಕೆರೆಯ ಹತ್ತಿರ ನಿಂತಿದೆ. ಉಪ್ಪು ನೀರಿಗೆ ನೀಲಿ, ಸಿಹಿ ನೀರಿಗೆ ತಿಳಿಹಸಿರು ಎಂದು ಇಟ್ಟುಕೊಂಡಿದ್ದೇನೆ. ಕಡಲಿಗೆ ಇಷ್ಟು ಹತ್ತಿರ ಕೋಟೇಶ್ವರದ ಕೋಟಿತೀರ್ಥದಂಥ ದೊಡ್ಡ ಕೆರೆ ಇರುವುದೇ ಚಂದ. ಕೋಟೇಶ್ವರ ದೇವಸ್ಥಾನದ ಜಾತ್ರೆಯಾದ ಕೊಡಿ ಹಬ್ಬದ ದಿನ ಜನ ಆ ಕೆರೆಗೆ ಸುತ್ತು ಬರುತ್ತಾರೆ, ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ (ತುದಿ) ಕೊಂಡು ಹೋಗುತ್ತಾರೆ. ಕೆರೆ ಹಸಿರು, ಸರಿ. ಆದರೆ ಹೊಳೆ? ಮಳೆಗಾಲದಲ್ಲಿ ಘಟ್ಟದ ನೀರು ಉಪ್ಪನ್ನು ಕಡಲಿನತ್ತ ತಳ್ಳುತ್ತದೆ. ಬೇಸಿಗೆಯಲ್ಲಿ ಉಪ್ಪು ಹೊಳೆಯ ಒಳಗೆ ಹತ್ತುತ್ತದೆ. ಗದ್ದೆ, ಬಾವಿ ಉಳಿಸಿಕೊಳ್ಳಲು ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಹಾಕಿ ಉಪ್ಪು ನೀರನ್ನು ತಡೆಯುತ್ತಾರೆ. ಅಂದರೆ ಬಣ್ಣಕ್ಕೂ ಎರಡು ಹಾಳೆ ಬೇಕು, ಮಳೆಗಾಲಕ್ಕೊಂದು, ಬೇಸಿಗೆಗೊಂದು. ಕೆಲಸ ಜಾಸ್ತಿಯಾದರೂ ಹಾಗೇ ಮಾಡುತ್ತೇನೆ.

ಮೂರನೇ ಹಾಳೆ ವಾರಾಹಿ ದಂಡೆಯ ಬಸ್ರೂರಿನದು. ಈಗ ಎಷ್ಟು ಮೌನವಾಗಿರುವ ಊರು! ಒಂದು ಕಾಲದಲ್ಲಿ ಇಲ್ಲಿಂದ ಅಕ್ಕಿ ಹಡಗೇರುತ್ತಿತ್ತು. 1665ರಲ್ಲಿ ಶಿವಾಜಿ ಸಮುದ್ರ ಮಾರ್ಗವಾಗಿ ಬಂದು ಲೂಟಿ ಮಾಡಿದ್ದು ಈ ಪೇಟೆಯನ್ನೇ. ಹೊಳೆಬದಿಯ ಹಳೆಯ ಕಡವುಗಳ (ದೋಣಿಯಲ್ಲಿ ಹೊಳೆ ದಾಟುವ ಜಾಗಗಳ) ಹೆಸರು ಹುಡುಕುತ್ತಿದ್ದೇನೆ. ಬಸ್ರೂರು, ಕಂಡ್ಲೂರು ಕಡೆಯವರು ಮನೆಯಲ್ಲಿ ಹಿರಿಯರನ್ನು ಕೇಳಿ ತಿಳಿಸಿದರೆ, ಆ ಹೆಸರುಗಳನ್ನು ಅವರು ಹೇಳಿದ ಹಾಗೆಯೇ ನಕ್ಷೆಯಲ್ಲಿ ಬರೆಯುತ್ತೇನೆ.