ಮಿಡಿ, ಮೀನು, ಬಸಳೆ ಚಪ್ಪರ

ಮಾರ್ಚ್, ಏಪ್ರಿಲ್ ಪೂರ್ತಿ ಸಕಲೇಶಪುರದ ಮನೆಯಲ್ಲೇ ಇದ್ದೆ. ಕಾಫಿ ಹೂವಿಗೆ ಬೇಕಾದ ಮಳೆ ಬಿದ್ದದ್ದೇ ತಡ, ಹಿತ್ತಲಿನ ಬಸಳೆ, ಹೀರೆ ಚಪ್ಪರ ತುಂಬಾ ಹಬ್ಬಿದವು. ಸಂಜೆ ಚಿಕ್ಕಪ್ಪನ ಜೊತೆ ಹೇಮಾವತಿಗೆ ಹೋಗಿ, ಗಾಳಕ್ಕೆ ಎರೆಹುಳು ಸಿಕ್ಕಿಸಿ ಸುಮ್ನೆ ಕೂರುತ್ತಿದ್ದೆವು. ಸಿಕ್ಕ ಮೀನು ಅವತ್ತೇ ಸಾರು.

ನನಗೆ ಜಾಸ್ತಿ ಇಷ್ಟವಾಗಿದ್ದು ಮಿಡಿ ಉಪ್ಪಿನಕಾಯಿ ಕೆಲಸ. ಮಾವಿನ ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು, ನೆಲಕ್ಕೆ ಬಿದ್ದು ಪೆಟ್ಟಾದದ್ದು ಬೇಡ, ಅದು ಭರಣಿಯಲ್ಲಿ ಮೆತ್ತಗಾಗಿ ಉಳಿದದ್ದನ್ನೂ ಕೆಡಿಸುತ್ತದೆ. ತೊಟ್ಟು ಕತ್ತರಿಸಿದಾಗ ಸೊನೆ ಚಿಮ್ಮಿ ಕೈಯೆಲ್ಲ ಘಮಘಮ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ನೀರು ಬಿಟ್ಟು ಮಿಡಿ ಸುಕ್ಕಾದ ಮೇಲೆ ಆ ಉಪ್ಪುನೀರನ್ನು ಕುದಿಸಿ, ಆರಿಸಿ, ಸಾಸಿವೆ, ಮೆಣಸಿನಪುಡಿ ಕಲಸುವುದು. ಒದ್ದೆ ಸೌಟನ್ನು ಅಜ್ಜಿ ಭರಣಿ ಹತ್ತಿರಕ್ಕೂ ಬಿಡುವುದಿಲ್ಲ. ವರ್ಷವಿಡೀ ಕೆಡದೆ ಇರಬೇಕು, ಅಲ್ವಾ?