ಬಿಸಿಯಾದರೆ ಕೈಕೊಡುವ ಯೆಜ್ಡಿ: ಕಾರ್ಬೊರೇಟರ್ ನಿರ್ದೋಷಿ

ಅಂತೂ ಹಳೇ ಬೈಕ್ ಯೆಜ್ಡಿ 250 ಕ್ಲಾಸಿಕ್‌ನ ರೋಗ ಸಿಕ್ಕಿತು. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್. ಎಂಟು-ಹತ್ತು ಕಿಲೋಮೀಟರ್ ಓಡಿ ಸಿಗ್ನಲ್‌ನಲ್ಲಿ ಆಫ್ ಆಯಿತೋ, ಇಂಜಿನ್ ತಣಿಯುವ ತನಕ ಎಡಗಾಲಿಗೆ ವ್ಯಾಯಾಮ. ಕಾರ್ಬೊರೇಟರ್ (ಪೆಟ್ರೋಲ್-ಗಾಳಿ ಬೆರೆಸುವ ಭಾಗ) ತೊಳೆದದ್ದು, ಫ್ಲೋಟ್ ಲೆವೆಲ್ (ಅದರ ಬಟ್ಟಲಲ್ಲಿ ನಿಲ್ಲುವ ಪೆಟ್ರೋಲ್ ಮಟ್ಟ), 0.4 ಮಿ.ಮೀ. ಪಾಯಿಂಟ್ ಗ್ಯಾಪ್ (ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಸಂಪರ್ಕಗಳ ನಡುವಿನ ಸಂದು), ಹೊಸ ಪ್ಲಗ್ ಇವೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ. ಅದರಿಂದ ಗಾಡಿಗೆ ಆದದ್ದೂ ಏನಿಲ್ಲ.

ಮೊದಲು ಪೆಟ್ರೋಲ್ ಕಡೆ. ಪೈಪ್ ಕಳಚಿ, ಟ್ಯಾಂಕಿನ ಮುಚ್ಚಳ ಹಾಕಿಯೇ ಇಟ್ಟು, ಒಂದು ಲೀಟರ್ ಪೂರ್ತಿ ಬಾಟಲಿಗೆ ಇಳಿಸಿ ನೋಡಬೇಕು. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಆರಂಭದಲ್ಲಿ ಜೋರಾಗಿ ಬಂದು ಆಮೇಲೆ ಸಣ್ಣಗಾಗುತ್ತದೆ. ಅರ್ಧ ನಿಮಿಷ ನೋಡಿ ಬಿಟ್ಟರೆ ಗೊತ್ತೇ ಆಗುವುದಿಲ್ಲ. ಲೀಟರಿಗೆ 30 ಕಿ.ಮೀ. ಕೊಡುವ ಗಾಡಿ ಗಂಟೆಗೆ 60ರಲ್ಲಿ ಓಡಿದರೆ ಕುಡಿಯುವುದು ನಿಮಿಷಕ್ಕೆ ಸುಮಾರು 33 ಮಿ.ಲೀ. ಹಾಗಾಗಿ ನಿಮಿಷಕ್ಕೆ 150 ಮಿ.ಲೀ. ಒಂದೇ ಸಮ ಇಳಿಯುತ್ತಿದ್ದರೆ ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಮೇಲಿನ ಅನುಮಾನ ಬಿಡಬಹುದು. ಇದರಲ್ಲಿ ಧಾರಾಳವಾಗಿ ಇಳಿಯಿತು. ಎಥನಾಲ್ ಪೆಟ್ರೋಲಿಗೆ ಕಾಕ್ ಒಳಗಿನ ವಾಷರ್ ಊದಿದೆ, ತಿರುಗಿಸಲು ಬಿಗಿ. ಫ್ಲೋಟ್ ಬೌಲಿನ ತಳದಲ್ಲಿ ಬಿಳಿ ಹುಡಿ. ಎರಡೂ ಸರಿ ಮಾಡಬೇಕಾದವೇ, ಆದರೆ ಕಳ್ಳ ಇಲ್ಲಿರಲಿಲ್ಲ.

ದಾರಿ ತಪ್ಪಿಸುವುದು ಒದ್ದೆ ಪ್ಲಗ್. ಬಿಸಿ ಗಾಡಿಗೆ ನಾಲ್ಕು ಕಿಕ್ ಹೊಡೆದು ಬಿಚ್ಚಿದರೆ ಪ್ಲಗ್ ತೊಟ್ಟಿಕ್ಕುತ್ತಿರುತ್ತದೆ. ‘ಪೆಟ್ರೋಲ್ ಓವರ್ ಆಗ್ತಿದೆ, ಕಾರ್ಬೊರೇಟರ್ ಬಿಚ್ಚಿ’ ಎನ್ನುವುದು ತಕ್ಷಣದ ತೀರ್ಪು. ಒದ್ದೆ ಪ್ಲಗ್ ಹೇಳುವುದು ಇಷ್ಟೇ: ಪೆಟ್ರೋಲ್ ಬಂದಿದೆ, ಉರಿದಿಲ್ಲ. ಯಾಕೆ ಉರಿದಿಲ್ಲ ಎಂಬುದು ಬೇರೆ ಲೆಕ್ಕ. ಪ್ಲಗ್ ಹೊರಗಿಟ್ಟು ಕಿಡಿ ನೋಡಿದರೂ ಸಾಲದು, ತೆರೆದ ಗಾಳಿಯಲ್ಲಿ 0.5 ಮಿ.ಮೀ. ಗ್ಯಾಪನ್ನು ಬಡಕಲು ಕಿಡಿಯೂ ಹಾರುತ್ತದೆ. ಕಂಪ್ರೆಷನ್ ಒತ್ತಡದಲ್ಲಿ ಅದೇ ಕಿಡಿ ಸತ್ತುಹೋಗುತ್ತದೆ. ಪ್ಲಗ್ ತೂತಿಗೆ ಹಳೇ ಪ್ಲಗ್ ಬಿಗಿದು (ತೆರೆದಿದ್ದರೆ ಒಳಗಿನ ಆವಿಗೆ ಬೆಂಕಿ ಹತ್ತೀತು), ಎಚ್.ಟಿ. ವೈರಿನ (ಪ್ಲಗ್ಗಿಗೆ ಬರುವ ಹೈವೋಲ್ಟೇಜ್ ವೈರ್) ತುದಿಯನ್ನು ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಸಿಲಿಂಡರ್ ಫಿನ್ನಿಂದ 5 ಮಿ.ಮೀ. ದೂರವಿಟ್ಟು ಕಿಕ್ ಹೊಡೆಯಿರಿ. ತಣ್ಣಗಿದ್ದಾಗ ನೀಲಿ ಕಿಡಿ, ಚಟ್ ಚಟ್ ಸದ್ದು. ಬಿಸಿಯಾದಾಗ ಹಳದಿ, ಅದೂ ಒಮ್ಮೊಮ್ಮೆ ಮಾತ್ರ.

ಅಲ್ಲಿಗೆ ಅನುಮಾನ ಕಾಯಿಲ್ (ಕಿಡಿಗೆ ಬೇಕಾದ ಹೈವೋಲ್ಟೇಜ್ ಕೊಡುವುದು) ಇಲ್ಲವೇ ಕಂಡೆನ್ಸರ್ (ಪಾಯಿಂಟ್ ತೆರೆದಾಗ ಅಲ್ಲೇ ಕಿಡಿ ಹಾರದಂತೆ ತಡೆಯುವುದು). ಕಂಡೆನ್ಸರ್ ಕೂತಿರುವುದು ಬಲಗಡೆ ಡೈನಮೊ ಕವರಿನೊಳಗೆ, ಕ್ರ್ಯಾಂಕ್‌ಕೇಸಿಗೆ ಅಂಟಿಕೊಂಡೇ. ಓಡುವಾಗಿನ ಗಾಳಿ ನಿಂತೊಡನೆ ಇಂಜಿನ್ನಿನ ಬಿಸಿಯೆಲ್ಲ ಅಲ್ಲಿಗೆ ಇಳಿಯುತ್ತದೆ. ಅದಕ್ಕೇ ಓಡುತ್ತಿರುವಾಗ ಸುಮ್ಮನಿದ್ದು, ನಿಲ್ಲಿಸಿದ ಮೇಲೆ ಮುಷ್ಕರ. ಮೀಟರ್ ಹಿಡಿದರೆ 0.22 ಮೈಕ್ರೊಫ್ಯಾರಡ್, ಅಪ್ಪಟ ಸಜ್ಜನ! ಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಪಾಯಿಂಟ್ ತೆರೆದಾಗ ಅದರ ಮೇಲೆ ಬೀಳುವುದು ಇನ್ನೂರು-ಮುನ್ನೂರು ವೋಲ್ಟ್. ಬಿಸಿಯಲ್ಲಿ ಅಷ್ಟನ್ನು ತಾಳದೆ ಕರೆಂಟ್ ಲೀಕ್ ಆಗುವುದು ಮೀಟರಿಗೆ ಕಾಣುವುದಿಲ್ಲ.

ಪತ್ತೆ ಮಾಡಿಸಿದ್ದು ಮನೆಯ ಹೇರ್ ಡ್ರೈಯರ್. ತಣ್ಣನೆ ಇಂಜಿನ್, ಬಲಗಡೆ ಕವರ್ ತೆಗೆದು, ಕಂಡೆನ್ಸರಿಗೆ ಮಾತ್ರ ಬಿಸಿ ಗಾಳಿ. ಹತ್ತಿರದಲ್ಲಿ ಪೆಟ್ರೋಲ್ ಬಟ್ಟೆ, ಬಾಟಲಿ ಏನೂ ಇರಬಾರದು. ಕಂಡೆನ್ಸರ್ ಮುಟ್ಟಲಾಗದಷ್ಟು ಬಿಸಿಯಾದ ಮೇಲೆ ಡ್ರೈಯರ್ ಆಫ್ ಮಾಡಿ ಕಿಕ್ ಹೊಡೆದರೆ ಕಿಡಿ ಹಳದಿ, ಪಾಯಿಂಟ್ ನಡುವೆ ಬಿಳಿ ಬೆಳಕು. ಒದ್ದೆ ಬಟ್ಟೆ ಒತ್ತಿ ತಣಿಸಿದರೆ ಮತ್ತೆ ನೀಲಿ. ಕಾಯಿಲ್ ಬಚಾವ್.

ಇನ್ನು ಅಂಗಡಿಯವರ ಪುರಾಣ. ‘ಒರಿಜಿನಲ್ ಫ್ಯಾಕ್ಟರಿ ಸ್ಟಾಕ್ ಸಾರ್’ ಅಂತ ಹಳದಿ ಪ್ಯಾಕೆಟ್ಟಿನ ಕಂಡೆನ್ಸರ್ ಕೊಟ್ಟು ಡಬಲ್ ರೇಟ್ ಹಾಕುತ್ತಾರೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದು 1996ರಲ್ಲಿ. ಪ್ಯಾಕೆಟ್ ನಿಜವಾಗಿಯೂ ಒರಿಜಿನಲ್ ಆಗಿದ್ದರೆ ಒಳಗಿನ ಪೇಪರ್ ಇನ್ಸುಲೇಷನ್‌ಗೆ ಹತ್ತಿರ ಹತ್ತಿರ ಮೂವತ್ತು ವರ್ಷ, ಬಳಸದೆ ಇಟ್ಟರೂ ಅದು ಹಳಸುತ್ತದೆ. ನಕಲಿಯಾಗಿದ್ದರೆ ಅದರ ಕಥೆಯೇ ಬೇರೆ.

ಪರಿಹಾರ ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ, ಟೀ-ಬನ್ನಿನ ದುಡ್ಡಿಗೆ: 0.22 ಮೈಕ್ರೊಫ್ಯಾರಡ್, 630 ವೋಲ್ಟ್, ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ (ಕಂಡೆನ್ಸರಿನದೇ ಇನ್ನೊಂದು ಹೆಸರು). ಅದರ ತಂತಿ ಕಾಲುಗಳಲ್ಲಿ ಒಂದು ಪಾಯಿಂಟ್ ಟರ್ಮಿನಲ್‌ನಿಂದ ಬರುವ ವೈರಿಗೆ, ಇನ್ನೊಂದು ಬಣ್ಣ ಕೆರೆದ ಚಾಸಿಗೆ. ಕಾಲುಗಳು ಅದುರಿ ಮುರಿಯದಂತೆ ಎಪಾಕ್ಸಿ, ಮೇಲೆ ಸ್ಲೀವ್, ಇಂಜಿನ್ನಿನಿಂದ ದೂರ ಟ್ಯಾಂಕಿನ ಕೆಳಗೆ ಟೈ. ಹಳೇ ಕಂಡೆನ್ಸರಿನ ವೈರನ್ನು ಕಡ್ಡಾಯವಾಗಿ ಕತ್ತರಿಸಿ. ಅದನ್ನೂ ಸೇರಿಸಿಯೇ ಬಿಟ್ಟರೆ ಲೀಕ್ ಹಾಗೇ ಉಳಿಯುತ್ತದೆ. ಗುಂಡಿ ಬಿದ್ದ ಪಾಯಿಂಟನ್ನು ಅರದಿಂದ ಸಮ ಮಾಡಿ ಗ್ಯಾಪ್ ಮತ್ತೆ ನೋಡಿ. ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಬೇಕೆಂದೇ ಆಫ್ ಮಾಡಿ ನೋಡಿದ್ದಾಯಿತು, ಒಂದೇ ಕಿಕ್.

ಮೂಲೆಯಲ್ಲಿ ಗೋಣಿ ಹೊದ್ದ ಲೂನಾ ಮೊಪೆಡ್ ಮುಂದಿನ ಸರದಿ. ಪೆಡಲ್ ತುಳಿದರೆ ಇಂಜಿನ್ ತಿರುಗುತ್ತದೆ, ಆದರೆ ಐಡಲ್ (ಆಕ್ಸಿಲರೇಟರ್ ಬಿಟ್ಟಾಗಿನ ಇಂಜಿನ್ ವೇಗ) ಏರುತ್ತಲೇ ಹೋಗುತ್ತದೆ. ಕ್ರ್ಯಾಂಕ್ ಶಾಫ್ಟಿನ ರಬ್ಬರ್ ಸೀಲಿನಿಂದ ಗಾಳಿ ಎಳೆಯುವ ಲಕ್ಷಣ. ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ ಸೈಕಲ್ ಟ್ಯೂಬಿನ ರಬ್ಬರ್ ಬಿರಡೆ ಹಾಕಿ, ಪಿಸ್ಟನ್ ಕೆಳಗಿಳಿಸಿ, ಪ್ಲಗ್ ತೂತಿನಿಂದ 6 ಪಿ.ಎಸ್.ಐ. ಗಾಳಿ ತುಂಬಿ ಸೋಪಿನ ನೀರು ಸವರಬೇಕು, ಗುಳ್ಳೆ ಬಂದಲ್ಲಿ ಸೋರಿಕೆ. ಯೆಜ್ಡಿಗೂ ಅದೇ ಟೆಸ್ಟ್ ಬಾಕಿ: ಬಿಳಿ ಹೊಗೆ ಹೆಚ್ಚು, ಗೇರ್‌ಬಾಕ್ಸ್ ಆಯಿಲ್ ಇಳಿಯುತ್ತಿದೆ. ಎಡಗಡೆ ಸೀಲೇ ಇರಬೇಕು. ಅಲ್ಲಿಗೆ ಕೈ ಹೋಗಲು ಕ್ಲಚ್ ಕಳಚುವ ಪುಲ್ಲರ್ ಬೇಕು. ನನ್ನ ಪುಲ್ಲರ್ ಸಾಲ ತಗೊಂಡವರು ದಯವಿಟ್ಟು ವಾಪಸ್ ಕೊಡಿ.