ಬಳ್ಳಾರಿ ಬಂಡೆಗಳ ನಡುವೆ ಹಿಮದ ಆಟಗಳ ಮಾತು

ಸಂಗನಕಲ್ಲಿನ ಹಿರೇಗುಡ್ಡ ಹತ್ತೋರು ಬೆಳಕು ಹರಿಯುವ ಹೊತ್ತಿಗೇ ಹೊರಡಬೇಕು. ಜನವರಿಯಲ್ಲೂ ಬಳ್ಳಾರಿಯ ಬಿಸಿಲು ಬಿಸಿಲೇ, ಒಂಬತ್ತು ಗಂಟೆ ದಾಟಿದರೆ ಬಂಡೆ ಕಾಯಲು ಶುರುವಾಗುತ್ತದೆ. ಇಂಥ ಊರಿನಲ್ಲಿ ನಾವು ಮಾತಾಡುತ್ತಾ ಹೋದದ್ದು ಹಿಮದ ಆಟಗಳ ಬಗ್ಗೆ. ಜೊತೆಗಿದ್ದವಳು ಅಕ್ಕನ ಮಗಳು. ಬೆಂಗಳೂರಿನಲ್ಲಿ ಡಿಸೈನ್ ಓದುತ್ತಾಳೆ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಡಿದವರು, ಅದಕ್ಕೆ ಗುರುತು, ಪದಕ, ಅಂಗಳ ಮಾಡಿಕೊಟ್ಟವರು, ಇವರ ಪರಿಚಯ ಬರೆಯೋದು ಅವಳ ಕಾಲೇಜಿನ ಕೆಲಸ. ಅವಳಿಗೆ ತುಂಬಾ ಹಿಡಿಸಿದ್ದು 1994ರ ನಾರ್ವೆಯ ಲಿಲ್ಲೆಹಾಮರ್ ಕ್ರೀಡಾಕೂಟದ ಆಟದ ಗುರುತುಗಳು, ಅಂದರೆ ಒಂದೊಂದು ಆಟಕ್ಕೂ ಬರೆದ ಪುಟ್ಟ ಚಿತ್ರಗಳು. ಅವನ್ನು ನೋಡಿದ ಕೂಡಲೇ ನನಗೆ ಹಿರೇಗುಡ್ಡ ನೆನಪಾಯಿತು. ಕರೆದುಕೊಂಡು ಹೊರಟೆ.

ಯಾಕೆ ಅಂತ ಹೇಳುತ್ತೇನೆ. ನಾರ್ವೆಯ ಉತ್ತರದಲ್ಲಿ ಟ್ರೋ ಅಂತ ಒಂದು ದ್ವೀಪ. ಅಲ್ಲಿನ ಬಂಡೆಯ ಮೇಲೆ ಸುಮಾರು 4000 ವರ್ಷ ಹಿಂದಿನದು ಎನ್ನುವ ಒಂದು ಗೀರುಚಿತ್ರ ಇದೆ. ಉದ್ದನೆಯ ಹಿಮಜಾರುಪಟ್ಟಿಗಳ, ಅಂದರೆ ಸ್ಕೀಗಳ ಮೇಲೆ ನಿಂತ ಮನುಷ್ಯ, ಕೈಯಲ್ಲಿ ಒಂದು ಕೋಲು, ತಲೆಯ ಮೇಲೆ ಮೊಲದ ಕಿವಿಯಂಥದ್ದೇನೋ. ರೋಡೊಯ್ ಚಿತ್ರ ಅಂತ ಅದಕ್ಕೆ ಹೆಸರು. ಲಿಲ್ಲೆಹಾಮರ್‌ನ ಗುರುತುಗಳನ್ನು ಬರೆದ ಸಾರಾ ರೋಸೆನ್‌ಬಾಮ್ ಈ ಗೀರಿನಿಂದಲೇ ಶುರು ಮಾಡಿದರು. ಆಕೆ ಹುಟ್ಟಿದ್ದು ಅಮೆರಿಕದಲ್ಲಿ, ನೆಲೆಸಿದ್ದು ನಾರ್ವೆಯಲ್ಲಿ. ಸ್ಕೇಟಿಂಗ್, ಐಸ್ ಹಾಕಿ, ಸ್ಕೀ ಜಿಗಿತ, ಎಲ್ಲ ಆಟದವರೂ ಆ ಹಳೆಯ ಮನುಷ್ಯನ ವಂಶದವರ ಹಾಗೇ ಕಾಣುತ್ತಾರೆ. ಅಂಚು ನಯವಾಗಿಲ್ಲ, ಕಲ್ಲಿನಿಂದ ಕಲ್ಲಿನ ಮೇಲೆ ಕುಟ್ಟಿದಂತಿದೆ. ಅದಕ್ಕಿಂತ ಮೊದಲು ಒಲಿಂಪಿಕ್ಸ್ ಗುರುತು ಅಂದರೆ ಅಳತೆಪಟ್ಟಿ ಇಟ್ಟು ಎಳೆದಂಥ ಅಚ್ಚುಕಟ್ಟು ಗೆರೆಗಳೇ ಜಾಸ್ತಿ. ಈ ಹೆಣ್ಣುಮಗಳು ಬಂಡೆಯ ಒರಟನ್ನು ಹಾಗೇ ಉಳಿಸಿಕೊಂಡರು. ನನಗೆ ಅದು ದೊಡ್ಡ ಧೈರ್ಯ ಅನಿಸುತ್ತದೆ.

ಹಿರೇಗುಡ್ಡದಲ್ಲಿ ಕೆಂಪು ಬೂದು ಬಣ್ಣದ ಗ್ರಾನೈಟ್ ಗುಂಡುಗಳ ನಡುವೆ ಕರಿಕಲ್ಲಿನ ಒಂದು ಪಟ್ಟೆ ಹಾದುಹೋಗುತ್ತದೆ. ಭೂವಿಜ್ಞಾನದವರು ಡಾಲರೈಟ್ ಅನ್ನುತ್ತಾರೆ. ಇದೇ ಕಲ್ಲಿನಿಂದ ನವಶಿಲಾಯುಗದ ಜನ ಇಲ್ಲಿ ಕೊಡಲಿ ಮಾಡುತ್ತಿದ್ದರು, ಗುಡ್ಡದ ಮೇಲೇ ಅದರ ದೊಡ್ಡ ಕಾರ್ಖಾನೆ ಇತ್ತು. ಇದೇ ಕರಿಕಲ್ಲಿನ ಮೇಲೆ ಅವರು ಚಿತ್ರವನ್ನೂ ಕುಟ್ಟಿದರು. ಉದ್ದ ಕೊಂಬಿನ ದನಗಳು ಎಷ್ಟೋ ಇವೆ. ನಡುನಡುವೆ ಮನುಷ್ಯರು. ಕೆಲವು ಎಂಥ ಜಾಗದಲ್ಲಿವೆ ಅಂದರೆ, ಬಂಡೆಗೆ ನೇತುಬಿದ್ದು ಕುಟ್ಟಿರಬೇಕು, ಇಲ್ಲದಿದ್ದರೆ ಕೈ ಎಟಕುವುದಿಲ್ಲ. ಪಕ್ಕದ ಊರಿನ ಹೆಸರಿನಲ್ಲಿ ಕುಪ್ಪಗಲ್ಲು ಚಿತ್ರಗಳು ಅಂತ ವಿದ್ವಾಂಸರಿಗೆ ಪರಿಚಯ. 1892ರಲ್ಲೇ ಫಾಸೆಟ್ ಎಂಬ ಇಂಗ್ಲಿಷ್ ಅಧಿಕಾರಿ ಇವುಗಳ ಬಗ್ಗೆ ಬರೆದಿದ್ದರು. ಈಚೆಗೆ ಪುರಾತತ್ವದವರಾದ ನಿಕೋಲ್ ಬೊವಾಂ, ಡೋರಿಯನ್ ಫುಲ್ಲರ್, ನಮ್ಮ ಧಾರವಾಡದ ರವಿ ಕೋರಿಶೆಟ್ಟರ್ ಇಲ್ಲಿ ಕೆಲಸ ಮಾಡಿದರು. ಬರೋ ಮೊದಲು ಬಳ್ಳಾರಿ ಊರೊಳಗಿನ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ನೋಡಿಕೊಂಡರೆ ಗುಡ್ಡದ ಮೇಲೆ ಕಣ್ಣಿಗೆ ಎಷ್ಟೋ ಹೆಚ್ಚು ಕಾಣುತ್ತದೆ.

ಅವಳು ಒಂದು ದನದ ಮುಂದೆ ಕೂತು ಬರೆಯಲು ಶುರು ಮಾಡಿದಳು.

"ಮಾಮಾ, ಕಾಲು ನೋಡು. ನಾಲ್ಕೇ ಗೆರೆ. ಆದ್ರೂ ನಡೀತಿದೆ ಅಂತ ಗೊತ್ತಾಗುತ್ತೆ. ನಮ್ಮ ಮೇಷ್ಟ್ರು ಇದನ್ನೇ ಸೆಮಿಸ್ಟರ್ ಪೂರ್ತಿ ಹೇಳ್ತಾರೆ."

ಪಕ್ಕದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರು ಕೇಳಿಸಿಕೊಂಡು ಎದ್ದು ಬಂದರು. "ಇಲ್ಲಿ ಬಾ ತಂಗಿ, ಇದನ್ ಬಡಿದು ನೋಡು" ಅಂತ ಒಂದು ಬಂಡೆ ತೋರಿಸಿದರು. ಅದರ ಮೇಲೆ ಬಟ್ಟಲಿನಂಥ ಗುಳಿಗಳು. ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿದರೆ ಲೋಹದ ನಾದ ಬರುತ್ತದೆ. ಸಾವಿರಾರು ವರ್ಷ ಬಡಿದು ಬಡಿದು ಆದ ಗುಳಿಗಳವು. ಚಿತ್ರವೂ ನಾದವೂ ಒಂದೇ ಕಡೆ ಇವೆ, ಹಾಗಾಗಿ ಜನ ಇಲ್ಲಿ ಕೂಡಿ ಏನೋ ಆಚರಿಸುತ್ತಿದ್ದರು ಅಂತ ಬೊವಾಂ ಬರೆದಿದ್ದಾರೆ. ನಾನು ಒಪ್ಪುತ್ತೇನೆ. ಅಲ್ಲಿ ನಿಂತರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಗುಡ್ಡದ ಒಂದು ಬದಿಯನ್ನು ಕ್ವಾರಿ ತಿಂದಿದೆ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ, ಬೇರೆ ಮಾತು ನನ್ನ ಹತ್ತಿರ ಇಲ್ಲ. ಅವಳು ಆಗ ರೋಡೊಯ್ ಚಿತ್ರಕ್ಕೆ ಆದದ್ದನ್ನು ಹೇಳಿದಳು. 2016ರಲ್ಲಿ ಇಬ್ಬರು ಹುಡುಗರು ಆ ಗೀರು ಸರಿಯಾಗಿ ಕಾಣಲಿ ಅಂತ, ಒಳ್ಳೆಯ ಮನಸ್ಸಿನಿಂದಲೇ, ಚೂಪಾದ ವಸ್ತುವಿನಿಂದ ಅದರ ಮೇಲೇ ಕೆರೆದುಬಿಟ್ಟರು. ಮೂಲ ಗೆರೆ ಕೆಟ್ಟುಹೋಯಿತು. ಲಿಲ್ಲೆಹಾಮರ್‌ನ ಗುರುತುಗಳು ಜಗತ್ತಿನ ತುಂಬಾ ಉಳಿದಿವೆ, ಅವುಗಳ ಮೂಲಕ್ಕೆ ಮಾತ್ರ ಗಾಯ. ನಮ್ಮ ಕಡೆ ಕುಪ್ಪಗಲ್ಲಿನ ದನಗಳನ್ನು ಯಾರೂ ಒಂದು ಕ್ರೀಡಾಕೂಟದ ಬಾವುಟಕ್ಕೂ ತಂದಿಲ್ಲ, ಗಾಯ ಮಾತ್ರ ಆಗಲೇ ಆಗಿದೆ.

ಇಳಿಯುವಾಗ ಕೆಳಗಿನ ರಸ್ತೆಯಲ್ಲಿ ಹುಡುಗರು ಬೇರಿಂಗ್ ಗಾಡಿ ಓಡಿಸುತ್ತಿದ್ದರು. ಹಲಗೆ, ಹಳೆಯ ಬೇರಿಂಗ್, ಹಗ್ಗ, ಅಷ್ಟೇ. ಶಿವ ಕೇಶವನ್ ಕಥೆ ಹೇಳಲು ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ? ಮನಾಲಿ ಹತ್ತಿರದ ವಶಿಷ್ಠ ಅವರ ಊರು. ತಂದೆ ಕೇರಳದವರು, ತಾಯಿ ಇಟಲಿಯವರು. ಅವರ ಆಟ ಲೂಜ್, ಅಂದರೆ ಸಣ್ಣ ಜಾರುಬಂಡಿಯ ಮೇಲೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಮಂಜುಗಡ್ಡೆಯ ಕಾಲುವೆಯಲ್ಲಿ ಇಳಿಯೋದು. ಅಂಥ ಕಾಲುವೆ ನಮ್ಮ ದೇಶದಲ್ಲಿ ಇರಲಿಲ್ಲ. ಅವರು ಜಾರುಬಂಡಿಗೆ ಚಕ್ರ ಕಟ್ಟಿದರು. ಹಿಮಾಲಯದ ಡಾಂಬರು ರಸ್ತೆಯಲ್ಲಿ, ಲಾರಿ, ದನ, ಕುರಿ ಎಲ್ಲದರ ನಡುವೆ ನುಸುಳಿಕೊಂಡು ಅಭ್ಯಾಸ ಮಾಡಿದರು. 1998ರಲ್ಲಿ ನಾಗಾನೊಗೆ ಹೋದಾಗ ವಯಸ್ಸು 16. ಅಲ್ಲಿಂದ 2018ರ ಪ್ಯೊಂಗ್‌ಚಾಂಗ್‌ವರೆಗೆ ಒಟ್ಟು 6 ಒಲಿಂಪಿಕ್ಸ್ ಆಡಿದರು. 2014ರ ಸೋಚಿಯಲ್ಲಿ ಭಾರತದ ಒಲಿಂಪಿಕ್ ಸಂಸ್ಥೆಗೆ ಅಮಾನತು ಇತ್ತು, ಹಾಗಾಗಿ ಉದ್ಘಾಟನೆಯ ದಿನ ನಮ್ಮವರು ತಮ್ಮ ಬಾವುಟ ಹಿಡಿಯುವ ಹಾಗಿರಲಿಲ್ಲ, ಒಲಿಂಪಿಕ್ ಬಾವುಟದಡಿ ನಡೆಯಬೇಕಾಯಿತು. ಕೂಟದ ನಡುವೆ ಅಮಾನತು ತೆಗೆದರು. ಆದರೆ ಶಿವ ಅವರ ಓಟ ಅಷ್ಟರಲ್ಲಿ ಮುಗಿದಿತ್ತು. ಇದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಬಳ್ಳಾರಿಗೆ ವಾಪಸ್ ಬಂದು ಒಗ್ಗರಣೆ ಮಿರ್ಚಿ ತಿಂದು ಹೊಸಪೇಟೆ ರಸ್ತೆ ಹಿಡಿದೆವು. ಕುಡತಿನಿಯಲ್ಲಿ ರಸ್ತೆ ಪಕ್ಕ ಬೂದಿದಿಬ್ಬ ಇದೆ. ರಾಕ್ಷಸರ ಚಿತೆಯ ಬೂದಿ ಅಂತ ಹಿಂದಿನವರು ನಂಬಿದ್ದರು, ಅದು ದನದ ಸಗಣಿ ಸುಟ್ಟ ಬೂದಿ ಎಂದು ಹೇಳಿದವರು ಭೂವಿಜ್ಞಾನಿ ಬ್ರೂಸ್ ಫೂಟ್, ಬಳ್ಳಾರಿಯ ಮ್ಯೂಸಿಯಂಗೆ ಅವರದೇ ಹೆಸರು. ಬೆಳಿಗ್ಗೆ ಬಂಡೆಯ ಮೇಲೆ ನೋಡಿದ ದನಗಳ ಲೆಕ್ಕ ಇಲ್ಲಿ ಬೂದಿಯಾಗಿ ಬಿದ್ದಿದೆ ಅನಿಸಿತು. ಹೆಚ್ಚು ಹೊತ್ತು ನಿಲ್ಲಲಿಲ್ಲ.

ತೋರಣಗಲ್ಲು ಹತ್ತಿರವಾದಂತೆ ರಸ್ತೆ ಕೆಂಪಾಗುತ್ತದೆ. ಮರ, ಬೇಲಿ, ಅಂಗಡಿ ಬೋರ್ಡು, ಎಲ್ಲದರ ಮೇಲೂ ಅದಿರಿನ ಧೂಳು. ದೂರಕ್ಕೆ ಉಕ್ಕಿನ ಕಾರ್ಖಾನೆಯ ಚಿಮಣಿಗಳು ಕಂಡಾಗ ಅವಳು "ಶೌಗಾಂಗ್!" ಅಂತ ಕೂಗಿದಳು. ಬೀಜಿಂಗ್‌ನ ಹಳೆಯ ಉಕ್ಕಿನ ಕಾರ್ಖಾನೆ ಅದು, 1919ರದ್ದು. 2008ರ ಒಲಿಂಪಿಕ್ಸ್ ಹೊತ್ತಿಗೆ ನಗರದ ಹೊಗೆ ಇಳಿಸಬೇಕು ಅಂತ ಅದನ್ನು ಊರಾಚೆಗೆ ಸಾಗಿಸಲು ಹೊರಟರು, 2010ರ ಕೊನೆಗೆ ಅಲ್ಲಿನ ಕುಲುಮೆಗಳೆಲ್ಲ ಆರಿದವು. ಆಮೇಲೆ ಚಿಂಗ್‌ಹುವಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪಿ ಝಾಂಗ್ ಲಿ ಮತ್ತು ಅವರ ತಂಡ ಅದರ ಭಾರೀ ಕೂಲಿಂಗ್ ಟವರ್‌ಗಳ ಪಕ್ಕದಲ್ಲೇ 2022ರ ಕೂಟಕ್ಕೆ ಬಿಗ್ ಏರ್ ಇಳಿಜಾರು ಕಟ್ಟಿದರು. ಎತ್ತರದ ಇಳಿಜಾರಿನಿಂದ ಜಾರಿ ಬಂದು ಗಾಳಿಗೆ ಹಾರಿ ಸುತ್ತು ಹೊಡೆಯುವ ಆಟ ಬಿಗ್ ಏರ್. ಈ ಆಟಕ್ಕೆ ಅಂತ ಕಟ್ಟಿ ಶಾಶ್ವತವಾಗಿ ಉಳಿಸಿಕೊಂಡ ಮೊದಲ ಅಂಗಳ ಅದು. ಟೀವಿಯಲ್ಲಿ ನೋಡಿದ ಎಷ್ಟೋ ಜನ ಹಿಂದೆ ಇರೋದು ಅಣುಸ್ಥಾವರ ಅಂದುಕೊಂಡರು. ಇಳಿಜಾರಿನ ಬಳುಕು ಎಲ್ಲಿಂದ ಬಂತು ಗೊತ್ತಾ? ಚೀನಾದ ದುನ್‌ಹುವಾಂಗ್ ಗುಹೆಗಳ ಹಳೆಯ ಭಿತ್ತಿಚಿತ್ರಗಳಲ್ಲಿ ಹಾರುವ ಅಪ್ಸರೆಯರಿದ್ದಾರಲ್ಲ, ಅವರ ಉತ್ತರೀಯದಿಂದ. ಝಾಂಗ್ ಲಿ ಕೂಡ ತಮ್ಮ ನೆಲದ ಗೋಡೆಯ ಮೇಲಿನ ಗೆರೆಗೇ ಹೋದರು ಅನ್ನೋದು ನನಗೆ ಬಹಳ ಮುಖ್ಯ.

ಆ ಇಳಿಜಾರಿನಿಂದ 2022ರ ಫೆಬ್ರುವರಿ 8ರಂದು ಐಲೀನ್ ಗು ಹಾರಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿ ಚೀನಾ ಪರ ಆಡುವ ಹುಡುಗಿ, ಆಗ 18 ವರ್ಷ. ಫ್ರಾನ್ಸ್‌ನ ಟೆಸ್ ಲೆಡ್ಯೂ ಮುಂದಿದ್ದರು. ಕೊನೆಯ ಜಿಗಿತ. ಕೈಲಿದ್ದ ಪದಕ ಉಳಿಸಿಕೊಳ್ಳುವ ದಾರಿ ಬಿಟ್ಟು, ಸ್ಪರ್ಧೆಯಲ್ಲಿ ತಾನು ಎಂದೂ ಮಾಡದ 1620 ಡಿಗ್ರಿ ತಿರುವಿಗೆ ಕೈಹಾಕಿದರು, ಅಂದರೆ ಗಾಳಿಯಲ್ಲಿ ನಾಲ್ಕೂವರೆ ಸುತ್ತು. ನಿಂತರು, ಚಿನ್ನ ಗೆದ್ದರು. ಅದೇ ಕೂಟಕ್ಕೆ ಭಾರತದಿಂದ ಹೋದವರು ಒಬ್ಬರೇ, ಕಾಶ್ಮೀರದ ಆರಿಫ್ ಖಾನ್. ಕಂಬಗಳ ನಡುವೆ ತಿರುಗುತ್ತಾ ಸ್ಕೀ ಮೇಲೆ ಇಳಿಯುವ ಜಯಂಟ್ ಸ್ಲಾಲಮ್ ಓಟದಲ್ಲಿ 45ನೆಯವರಾಗಿ ಮುಗಿಸಿದರು. ಆ ದಿನ ಎಷ್ಟೋ ಜನ ಓಟ ಮುಗಿಸಲಾಗದೆ ಹೊರಬಿದ್ದರು, ಆದ್ದರಿಂದ ಆ 45ನ್ನು ನಾನು ಸಣ್ಣದು ಅನ್ನುವುದಿಲ್ಲ. ಅವಳ ಪಟ್ಟಿಯಲ್ಲಿ ಐಲೀನ್ ಗುಗೆ ಎರಡು ಪುಟ ಇತ್ತು, ಆರಿಫ್‌ಗೆ ಒಂದು ಸಾಲು. ನಾನು ಹೇಳಿದೆ, "ಅವರಿಗೂ ಎರಡು ಪುಟ ಕೊಡಮ್ಮ." ಕೊಡ್ತೀನಿ ಅಂದಳು.

ತೋರಣಗಲ್ಲಿನಲ್ಲಿ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್ ಇದೆ. ಅದರಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್ ಕಲಿಯುವವರು ಅಲ್ಲಿದ್ದಾರೆ, ನೀರಜ್ ಚೋಪ್ರಾ ಕೂಡ ಅಲ್ಲಿ ಅಭ್ಯಾಸ ಮಾಡಿದವರು. ನಾವು ಹೊರಗಿನಿಂದಲೇ ನೋಡಿ ಮುಂದೆ ಹೋದೆವು. ಉಕ್ಕಿನ ಊರಿನಲ್ಲಿ ಆಟ ಬೆಳೆಯುತ್ತದೆ ಅನ್ನೋದಕ್ಕೆ ಬೀಜಿಂಗ್‌ವರೆಗೆ ಹೋಗಬೇಕಾಗಿಲ್ಲ ಅಲ್ವಾ.

ಹೊಸಪೇಟೆ ದಾಟಿ, ತುಂಗಭದ್ರೆ ದಾಟಿ, ಗಂಗಾವತಿ ಸೇರಿದಾಗ ಭತ್ತದ ಗದ್ದೆಗಳ ಹಸಿರು ಬಂತು. ಬೆಳಗಿನ ಕೆಂಪುಧೂಳೆಲ್ಲ ಕಣ್ಣಿನಿಂದ ಹೋಯಿತು. ರಾತ್ರಿ ಅಲ್ಲೇ ಉಳಿದೆವು. ಚಾದಂಗಡಿಯಲ್ಲಿ ಪಕ್ಕ ಕೂತವರು ಕುಷ್ಟಗಿ ಕಡೆ ಕಲ್ಲಿನ ಕ್ವಾರಿಯಲ್ಲಿ ದುಡಿಯುವವರು. ನಮ್ಮ ಮಾತು ಅವರ ಕಿವಿಗೂ ಬಿತ್ತು.

"ಐಸ್ ಮ್ಯಾಲೆ ಕಲ್ಲು ಉರುಳಿಸಿ ಆಡ್ತಾರಂತಲ್ರಿ, ಅದು ಎಂಥಾ ಕಲ್ರಿ?"

ಕರ್ಲಿಂಗ್. ಅವಳಿಗೆ ಇದು ಬಾಯಿಪಾಠ. ಕಲ್ಲು ಉರುಳೋದಿಲ್ಲ, ಜಾರುತ್ತದೆ. ತೂಕ 20 ಕೆ.ಜಿ. ಹತ್ತಿರ. ಸ್ಕಾಟ್ಲೆಂಡಿನ ಕಡಲಲ್ಲಿರುವ ಏಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಗ್ರಾನೈಟಿನಿಂದ ಒಲಿಂಪಿಕ್ಸ್‌ನ ಕಲ್ಲು ಮಾಡುತ್ತಾರೆ. ಅಲ್ಲಿನ ಬ್ಲೂ ಹೋನ್ ಅನ್ನೋ ಕಲ್ಲಿಗೆ ನೀರು ಇಂಗುವುದು ತೀರಾ ಕಡಿಮೆ. ನೀರು ಒಳಗೆ ಹೋಗಿ ಗಟ್ಟಿಯಾದರೆ ಕಲ್ಲು ಸಿಡಿಯುತ್ತದೆ, ಅದಕ್ಕೇ ಮಂಜಿನ ಮೇಲೆ ತಾಗುವ ಭಾಗಕ್ಕೆ ಅದೇ ಬೇಕು.

"ನೀರು ಕುಡಿಯಂಗಿಲ್ಲ ಅಂದ್ರ ಜಾತಿ ಕಲ್ಲು ಬಿಡ್ರಿ" ಅಂದರು ಅವರು. ಆಮೇಲೆ ತಮ್ಮ ಕ್ವಾರಿಯ ಯಾವ ಪದರದ ಕಲ್ಲು ನೀರು ಕುಡಿಯುತ್ತದೆ, ಯಾವುದು ಕುಡಿಯೋದಿಲ್ಲ, ಸುತ್ತಿಗೆ ಬಿದ್ದ ಸದ್ದಿನಲ್ಲೇ ಹೇಗೆ ಗೊತ್ತಾಗುತ್ತದೆ ಅಂತ ಬಹಳ ಹೊತ್ತು ಹೇಳಿದರು. ಅವಳು ಎಲ್ಲ ಬರೆದುಕೊಂಡಳು. ಡಿಸೈನ್ ಕಾಲೇಜಿನಲ್ಲಿ ಇಂಥವರನ್ನು ಕರೆಸಿ ಪಾಠ ಮಾಡಿಸಬೇಕು, ನಿಜವಾಗಿ ಹೇಳ್ತಿದ್ದೇನೆ.

ಮರುದಿನ ಹಿರೇಬೆಣಕಲ್. ಊರಿನಿಂದ ಗುಡ್ಡ ಹತ್ತುವ ದಾರಿ ಮುಳ್ಳುಕಂಟಿಯ ನಡುವೆ ಹೋಗುತ್ತದೆ, ಊರಿನ ಹುಡುಗ ಒಬ್ಬ ಜೊತೆಗೆ ಬಂದ. ಮೇಲೆ ಮೋರೇರ ಗುಡ್ಡದಲ್ಲಿ ಕಲ್ಲಿನ ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳು ನೂರಾರು. ಮನುಷ್ಯನಿಗಿಂತ ಎತ್ತರದವು, ಪಕ್ಕದಲ್ಲಿ ದುಂಡಗಿನ ಕಿಂಡಿ. ಕಬ್ಬಿಣದ ಯುಗದ ಜನ ಕಟ್ಟಿದ್ದು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೆ ನಮ್ಮ ಕಣ್ಣು ಹೋದದ್ದು ದಾರಿಯ ಬಂಡೆ ಆಸರೆಗಳಲ್ಲಿನ ಕೆಂಪು ಚಿತ್ರಗಳ ಕಡೆಗೆ. ಕೈ ಕೈ ಹಿಡಿದು ಕುಣಿಯುವವರು, ಬೇಟೆಯವರು, ಜಿಂಕೆ. ಬೆಟ್ಟದ ನೆತ್ತಿಯಲ್ಲಿ ನಗಾರಿಗುಂಡು ಇದೆ, ನಗಾರಿಯ ಆಕಾರದ ದೊಡ್ಡ ಬಂಡೆ. ಮರದ ಕೊಡತಿಯಿಂದ ಬಡಿದರೆ ಸದ್ದು ಬಹಳ ದೂರ ಕೇಳುತ್ತದೆ.

ಅಲ್ಲಿ ನೆರಳಲ್ಲಿ ಕೂತಾಗ ಅವಳು ಲಿಲ್ಲೆಹಾಮರ್ ಪದಕದ ಮಾತು ತೆಗೆದಳು. ಇಂಗ್ಯೇರ್ಡ್ ಹಾನೆವೊಲ್ಡ್ ಮಾಡಿದ ವಿನ್ಯಾಸ. ಆ ಪದಕಗಳಲ್ಲಿ ಲೋಹದ ಜೊತೆ ಕಲ್ಲೂ ಇತ್ತು. ಸ್ಕೀ ಜಿಗಿತದ ಅಂಗಳ ಕಟ್ಟುವಾಗ ಅಗೆದು ತೆಗೆದ ಅಲ್ಲಿನದೇ ಕಲ್ಲು. ಅಂಥ ಪದಕಗಳಲ್ಲಿ ಮೂರು ಚಿನ್ನ ಗೆದ್ದವರು ಯೋಹಾನ್ ಓಲಾವ್ ಕೊಸ್, ಸ್ಪೀಡ್ ಸ್ಕೇಟರ್. 1500, 5000, 10000 ಮೀಟರ್, ಮೂರರಲ್ಲೂ ವಿಶ್ವದಾಖಲೆ. ಹಾಮಾರ್ ಊರಿನಲ್ಲಿ, ಬೋರಲು ಹಾಕಿದ ವೈಕಿಂಗ್ ಹಡಗಿನ ಆಕಾರದ ಸಭಾಂಗಣದಲ್ಲಿ ಓಡಿದರು. ಒಂದು ಚಿನ್ನಕ್ಕೆ ಬಂದ ಬಹುಮಾನದ ಹಣವನ್ನು ಯುದ್ಧದಲ್ಲಿ ನೊಂದ ಮಕ್ಕಳಿಗಾಗಿ ದುಡಿಯುತ್ತಿದ್ದ ಒಲಿಂಪಿಕ್ ಏಡ್‌ಗೆ ಕೊಟ್ಟು, ನಾರ್ವೆಯ ಜನರೂ ಕೊಡಿ ಅಂತ ಕೇಳಿದರು. ಆ ಕೆಲಸವೇ ಮುಂದೆ ರೈಟ್ ಟು ಪ್ಲೇ ಎಂಬ ಸಂಸ್ಥೆಯಾಯಿತು.

ಜೊತೆಗೆ ಬಂದ ಹುಡುಗ ಕೇಳಿದ, "ಅಕ್ಕಾ, ಪದಕದಾಗ ನಮ್ಮ ಗುಡ್ಡದ ಕಲ್ಲು ಹಾಕಬಹುದಾ?"

ಅವಳು ಹಾಳೆ ತಿರುಗಿಸಿ ಅವನ ಮುಂದೆಯೇ ಒಂದು ಪದಕ ಬರೆದಳು. ನಡುವೆ ಕಲ್ಲು, ಸುತ್ತ ಕೈಹಿಡಿದು ಕುಣಿಯುವ ಮಂದಿ. ಅದರ ಕೆಳಗೆ ಕಬಡ್ಡಿ, ಖೊಖೊ, ಓಟ, ಕುಸ್ತಿಗೆ ಕುಪ್ಪಗಲ್ಲಿನ ಗೆರೆಯಲ್ಲಿ ಗುರುತುಗಳು. ಕಬಡ್ಡಿಯವನ ಕಾಲಿಗೆ ಅವನೇ ತಿದ್ದುಪಡಿ ಹೇಳಿದ, ಮಂಡಿ ಇನ್ನೂ ಬಗ್ಗಬೇಕು ಅಂತ. ಸರಿಯಾಗಿಯೇ ಹೇಳಿದ. ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಇವನ್ನು ಬಳಸಿ ಅಂತ ಕೊಪ್ಪಳದಲ್ಲೂ ಬಳ್ಳಾರಿಯಲ್ಲೂ ಅರ್ಜಿ ಕೊಡುತ್ತಿದ್ದೇವೆ. ಚಿತ್ರಗಳನ್ನು ಇನ್ನೊಮ್ಮೆ ಸರಿಯಾಗಿ ಬರೆಯೋದು ಬಾಕಿ ಇದೆ.

ಹೋಗುವವರಿಗೆ ಒಂದೆರಡು ಮಾತು. ಎರಡೂ ಗುಡ್ಡದ ಮೇಲೆ ನೀರು ಸಿಗೋದಿಲ್ಲ, ಹೊತ್ತುಕೊಂಡೇ ಹೋಗಿ. ಹಿರೇಬೆಣಕಲ್‌ಗೆ ಗಂಗಾವತಿಯಿಂದ ಹೋಗೋದು ಸುಲಭ, ಊರಿನವರನ್ನು ಜೊತೆಗೆ ಕರೆದುಕೊಳ್ಳಿ, ದಾರಿ ತಪ್ಪುತ್ತದೆ. ಹಿರೇಗುಡ್ಡದ ಗೀರುಗಳು ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತವೆ. ಫೋಟೋಗೆ ಅಂತ ಅವುಗಳ ಮೇಲೆ ಸೀಮೆಸುಣ್ಣ ಎಳೆಯಬೇಡಿ, ನೀರೂ ಸುರಿಯಬೇಡಿ. ಬಿಸಿಲು ಓರೆಯಾಗುವವರೆಗೆ ಕಾಯಿರಿ, ಸಾಕು.